ಹಳೇ ಪ್ಲೇಟಿಗೆ ಹೊಸ ಕಲಾಯಿ: ಎಷ್ಟು ಸಲ ದುಡ್ಡು ಕೊಡುವುದು?



ನಮ್ಮ ಬಳಗದ ಕೂಟಗಳಲ್ಲಿ ಊಟ ಮುಗಿದು ಕಾಫಿ ಬರುವ ಹೊತ್ತಿಗೆ ಏಳುವ ವಾದಗಳ ಸಾಲಿಗೆ ಈಚೆಗೆ ಒಂದು ಹೊಸ ವಾದ ಸೇರಿಕೊಂಡಿದೆ. "ಆ ಹಳೇ ಆಲ್ಬಮ್ಮು ರಿಮಾಸ್ಟರ್ ಆಗಿ ಮತ್ತೆ ಬಂದಿದೆಯಂತಲ್ಲ, ತಗೊಳ್ಳೋದೋ ಬೇಡವೋ?" ಎಪ್ಪತ್ತರ ದಶಕದಲ್ಲಿ ಆಸ್ಪತ್ರೆ ಕೆಲಸಕ್ಕೆಂದು ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಕಡೆ ಬಂದಿಳಿದು, ಕ್ವಾರ್ಟರ್ಸಿನ ಚಳಿಯಲ್ಲಿ ಪಕ್ಕದ ಕೋಣೆಯವನ ರೆಕಾರ್ಡ್ ಪ್ಲೇಯರಿನಿಂದ ರಾಕ್ ಸಂಗೀತದ ರುಚಿ ಹತ್ತಿಸಿಕೊಂಡ ಹಿರಿಯರು ನಮ್ಮಲ್ಲಿದ್ದಾರೆ. ಇಲ್ಲಿಯೇ ಹುಟ್ಟಿ, ಸ್ಮಿತ್ಸ್, ಓಯಸಿಸ್ ಕೇಳುತ್ತ ಬೆಳೆದ ಮಕ್ಕಳೂ ಇದ್ದಾರೆ. ಎರಡು ತಲೆಮಾರಿಗೂ ಒಂದೇ ಚಪಲ. ಎರಡು ತಲೆಮಾರಿನ ಜೇಬಿಗೂ ಒಂದೇ ಕತ್ತರಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊದಿಕೆಯ ಮೇಲೆ 'ರಿಮಾಸ್ಟರ್ಡ್' ಎಂದು ಬರೆದಿದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಕೊಳ್ಳಬೇಡಿ. ಬಹುಪಾಲು ಸಲ ಅದು ನಿಮ್ಮ ಕಪಾಟಿನಲ್ಲಿ ಇರುವುದನ್ನೇ ನಿಮಗೆ ಮತ್ತೆ ಮಾರುವ ಉಪಾಯ. ಕೆಲವು ಸಲ ಹಾಗಲ್ಲ, ಕೊಂಡರೆ ನಷ್ಟವಿಲ್ಲ. ಆ ಕೆಲವು ಯಾವುವೆಂದು ಹೇಳುತ್ತೇನೆ. ಉಳಿಸಿದ ದುಡ್ಡನ್ನೂ ಉಳಿಸಿದ ಭಾನುವಾರವನ್ನೂ ಎಲ್ಲಿ ಖರ್ಚು ಮಾಡಬೇಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಈ ಲೇಖನ ಬರೆದದ್ದೇ ಅದಕ್ಕಾಗಿ.

ಮೊದಲು ಈ ಮಾಸ್ಟರ್ ಎಂದರೇನೆಂದು ತಿಳಿಯೋಣ. ಸ್ಟುಡಿಯೋದಲ್ಲಿ ಹಾಡು, ಗಿಟಾರು, ಡ್ರಮ್ಮು ಬೇರೆ ಬೇರೆ ಟ್ರ್ಯಾಕುಗಳಲ್ಲಿ ಮುದ್ರಣವಾಗುತ್ತವೆ. ಅವನ್ನು ಹದವಾಗಿ ಬೆರೆಸಿ ಎಡಕ್ಕೆ ಇಷ್ಟು, ಬಲಕ್ಕೆ ಇಷ್ಟು ಎಂದು ಇಳಿಸುವುದು ಮಿಕ್ಸಿಂಗ್. ಹಾಗೆ ಸಿದ್ಧವಾದ ಟೇಪಿನ ಸದ್ದನ್ನು ಎಲ್.ಪಿ.ಗೋ ಸಿ.ಡಿ.ಗೋ ಒಗ್ಗುವಂತೆ ತಿದ್ದುವ ಕೊನೆಯ ಹಂತ ಮಾಸ್ಟರಿಂಗ್. ಈ ಕೊನೆಯ ಹಂತವನ್ನಷ್ಟೇ ಮತ್ತೊಮ್ಮೆ ಮಾಡಿದರೆ ರಿಮಾಸ್ಟರ್. ಟ್ರ್ಯಾಕುಗಳನ್ನೇ ಮತ್ತೆ ಮೊದಲಿನಿಂದ ಬೆರೆಸಿದರೆ ರಿಮಿಕ್ಸ್. ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವುದು ರಿಮಾಸ್ಟರ್. ಪಾತ್ರೆಯನ್ನೇ ಕರಗಿಸಿ ಮತ್ತೆ ಎರಕ ಹೊಯ್ಯುವುದು ರಿಮಿಕ್ಸ್. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕಾಯಿಸಿದರೆ ಕಿಲುಬು ಬಿಡುತ್ತದೆ. ಅಂಥದಕ್ಕೆ ಕಲಾಯಿ ಬೇಕೇ ಬೇಕು. ಆದರೆ ಚೆನ್ನಾಗಿರುವ ಪಾತ್ರೆಗೆ ಐದೈದು ವರ್ಷಕ್ಕೊಮ್ಮೆ ಕಲಾಯಿ ಹಾಕಿಸಿ, ಪ್ರತಿ ಸಲವೂ ಹೊಸ ಪಾತ್ರೆಯ ಬೆಲೆ ತೆರುವವರನ್ನು ನಮ್ಮ ಅಜ್ಜಿಯಂದಿರು ಏನೆನ್ನುತ್ತಿದ್ದರು?

ನಿಜವಾಗಿ ಕಲಾಯಿ ಬೇಕಾಗಿದ್ದ ಪಾತ್ರೆಗಳೂ ಇದ್ದವು. ಸಿ.ಡಿ. ಈ ದೇಶದ ಅಂಗಡಿಗಳಿಗೆ ಬಂದದ್ದು 1983ರಲ್ಲಿ. ಹಳೆಯ ಆಲ್ಬಮ್ಮುಗಳನ್ನೆಲ್ಲ ಆದಷ್ಟು ಬೇಗ ಹೊಸ ರೂಪದಲ್ಲಿ ಮಾರಬೇಕೆಂಬ ಆತುರದಲ್ಲಿ ಎಷ್ಟೋ ಕಂಪನಿಗಳು ಮೂಲ ಟೇಪು ಹುಡುಕುವ ಗೋಜಿಗೆ ಹೋಗದೆ, ಎಲ್.ಪಿ. ಕೊರೆಯಲೆಂದು ತಿದ್ದಿದ್ದ ಪ್ರತಿಯನ್ನೇ ಸಿ.ಡಿ.ಗೆ ಇಳಿಸಿದವು. ಅಂಥವನ್ನು ಸರಿಪಡಿಸಿದ್ದು ಒಳ್ಳೆಯದೇ. ಬೀಟಲ್ಸ್ ಆಲ್ಬಮ್ಮುಗಳು ಸಿ.ಡಿ.ಯಾಗಿ ಬಂದದ್ದು 1987ರಲ್ಲಿ. ಸುಮಾರು ನಾಲ್ಕು ವರ್ಷದ ಕೆಲಸದ ನಂತರ ಅವುಗಳ ರಿಮಾಸ್ಟರ್ ಬಂದದ್ದು 2009ರ ಸೆಪ್ಟೆಂಬರ್ 9ರಂದು. 1967ರ ಸಾರ್ಜೆಂಟ್ ಪೆಪರ್‌ನ ಮಾತು ಇನ್ನೂ ಬೇರೆ. ಆಗ ಇದ್ದದ್ದು ನಾಲ್ಕು ಟ್ರ್ಯಾಕಿನ ಯಂತ್ರ. ನಾಲ್ಕೂ ತುಂಬಿದರೆ ಅವನ್ನು ಬೆರೆಸಿ ಇನ್ನೊಂದು ಟೇಪಿಗೆ ಇಳಿಸಿ ಜಾಗ ಮಾಡಿಕೊಳ್ಳುತ್ತಿದ್ದರು. ಹಾಗೆ ಇಳಿಸಿದಾಗಲೆಲ್ಲ ಸದ್ದು ಒಂದಿಷ್ಟು ಮಸುಕಾಗುತ್ತಿತ್ತು. 2017ರಲ್ಲಿ ಜೈಲ್ಸ್ ಮಾರ್ಟಿನ್ ಹಾಗೆ ಇಳಿಸುವುದಕ್ಕೂ ಮುಂಚಿನ ಟೇಪುಗಳಿಗೇ ಹೋಗಿ ಹೊಸದಾಗಿ ಬೆರೆಸಿದರು. ನೀರು ಬೆರೆಯದ ಹಾಲಿಗೆ ಹೋದ ಹಾಗೆ. ಅದಕ್ಕೆ ದುಡ್ಡು ಕೊಟ್ಟವರನ್ನು ನಾನು ಆಕ್ಷೇಪಿಸುವುದಿಲ್ಲ.

ಈಗ ನಮ್ಮ ಹತ್ತಿರದ ಉದಾಹರಣೆಗೆ ಬರೋಣ. 1970ರ ಫೆಬ್ರವರಿ 14ರಂದು ದಿ ಹೂ ತಂಡ ಲೀಡ್ಸ್ ವಿಶ್ವವಿದ್ಯಾಲಯದ ರಿಫೆಕ್ಟರಿಯಲ್ಲಿ ಕಛೇರಿ ನಡೆಸಿತು. ಹುಡುಗರು ಊಟ ಮಾಡುವ ಹಾಲು ಅದು. 2006ರಲ್ಲಿ ಅಲ್ಲಿ ನೀಲಿ ಫಲಕ ಹಾಕಿದ್ದಾರೆ. ಆ ರಾತ್ರಿಯ ಮುದ್ರಣವೇ 'ಲೈವ್ ಅಟ್ ಲೀಡ್ಸ್'. 1970ರ ಎಲ್.ಪಿ.ಯಲ್ಲಿ ಇದ್ದದ್ದು ಆರೇ ಹಾಡು. ಅದರ ಲೇಬಲ್ಲಿನ ಮೇಲೆ, ನಡುವೆ ಕೇಳಿಸುವ ಚಟಪಟ ಸದ್ದು ಇರಬೇಕಾದ್ದೇ, ಯಾರೂ ತಿದ್ದಲು ಹೋಗಬೇಡಿ ಎಂಬರ್ಥದ ಸೂಚನೆಯೂ ಇತ್ತು. 1995ರಲ್ಲಿ ಮೂಲ ಟೇಪುಗಳಿಂದ ಮತ್ತೆ ಬೆರೆಸಿ, ಆ ಚಟಪಟವನ್ನು ತೆಗೆದು, ಹದಿನಾಲ್ಕು ಹಾಡುಗಳ ಸಿ.ಡಿ. ತಂದರು. 2001ರಲ್ಲಿ ಆ ರಾತ್ರಿ ನುಡಿಸಿದ 'ಟಾಮಿ'ಯೂ ಸೇರಿ ಎರಡು ಸಿ.ಡಿ. ಬಂತು. 2010ರಲ್ಲಿ ಮರುದಿನ ಹಲ್ ನಗರದಲ್ಲಿ ನಡೆದ ಕಛೇರಿಯನ್ನೂ ಸೇರಿಸಿ ದೊಡ್ಡ ಪೆಟ್ಟಿಗೆ ಬಂತು. ಹಲ್ ಕಛೇರಿಯ ಮೊದಲ ಕೆಲವು ಹಾಡುಗಳಲ್ಲಿ ಬೇಸ್ ಗಿಟಾರು ಮುದ್ರಣವಾಗಿರಲಿಲ್ಲವೆಂದು ಲೀಡ್ಸಿನ ಬೇಸನ್ನೇ ತಂದು ಅಲ್ಲಿ ಕೂರಿಸಿದರು.

ಲೆಕ್ಕ ಹಾಕಿ. ಆರರಿಂದ ಹದಿನಾಲ್ಕು ಹಾಡಾದದ್ದು ನಿಜವಾದ ಲಾಭ, ಅದನ್ನು ಕೊಳ್ಳಬಹುದು. ಪೂರ್ತಿ ಕಛೇರಿ ಸಿಕ್ಕಿದ್ದೂ ಲಾಭವೇ. ಆದರೆ ನಾಲ್ಕೂ ಸಲ ನಿಷ್ಠೆಯಿಂದ ಕೊಂಡವರು ಒಂದು ರಾತ್ರಿಯ ಒಂದು ಕಛೇರಿಗೆ ನಾಲ್ಕು ಟಿಕೆಟ್ ಕೊಂಡಂತಾಯಿತು. ಇಡೀ ಕಛೇರಿ ಮೊದಲ ದಿನದಿಂದಲೂ ಅವರ ಉಗ್ರಾಣದಲ್ಲೇ ಇತ್ತು. ಕಂತು ಕಂತಾಗಿ ಬಡಿಸಿದರು, ಅಷ್ಟೆ.

ಇಲ್ಲಿಂದ ನನ್ನ ಮೊದಲ ಸೂತ್ರ: ಹಿಂದೆ ಕೇಳದ ಹಾಡೋ ಭಾಗವೋ ಇದೆಯೆ ನೋಡಿ. ಎರಡನೆಯದು: ಹಳೆಯ ಟೇಪಿನ ಬದಲು ಅದಕ್ಕೂ ಹಿಂದಿನ ಒಳ್ಳೆಯ ಟೇಪಿನಿಂದ ಮಾಡಿದ್ದಾರೆಯೆ ಕೇಳಿ. ಮೂರನೆಯದು: ನಿಮ್ಮ ಹತ್ತಿರ ಇರುವ ಪ್ರತಿ ನಿಜವಾಗಿ ಕೆಟ್ಟಿದೆಯೆ ಯೋಚಿಸಿ. ಮೂರಕ್ಕೂ 'ಇಲ್ಲ' ಎಂಬ ಉತ್ತರ ಬಂದರೆ ಪರ್ಸು ಜೇಬಿನಲ್ಲೇ ಇರಲಿ.

'ಆದರೆ ಹೊಸದು ಕೇಳಲು ಎಷ್ಟು ಚೆನ್ನಾಗಿದೆ!' ಎನ್ನುತ್ತೀರಿ. ಚೆನ್ನಾಗಿದೆಯೋ, ಜೋರಾಗಿದೆಯೋ? ಎರಡು ಸದ್ದುಗಳಲ್ಲಿ ತುಸು ಜೋರಾದದ್ದೇ ಕಿವಿಗೆ ಮೊದಲು ಹಿಡಿಸುತ್ತದೆ. ಅಂಗಡಿಯವರಿಗೂ ಕಂಪನಿಯವರಿಗೂ ಇದು ಚೆನ್ನಾಗಿ ಗೊತ್ತು. ಸಿ.ಡಿ.ಯಲ್ಲಿ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನ ಸದ್ದಿನವರೆಗೆ ಸುಮಾರು 96 ಡೆಸಿಬೆಲ್ ಅಂತರಕ್ಕೆ ಜಾಗವಿದೆ. ತೊಂಬತ್ತರ ದಶಕದಿಂದೀಚೆಗೆ ಆ ಜಾಗವನ್ನೆಲ್ಲ ಖಾಲಿ ಬಿಟ್ಟು ಮೇಲಿನ ತುದಿಯಲ್ಲೇ ಎಲ್ಲವನ್ನೂ ತುರುಕುವ ಚಾಳಿ ಶುರುವಾಯಿತು: ಮೆಲ್ಲಗಿದ್ದದ್ದನ್ನು ಎತ್ತುವುದು, ಏರಿದ್ದನ್ನು ಕತ್ತರಿಸುವುದು. ಕಛೇರಿಯಲ್ಲಿ ಆಲಾಪನೆಯನ್ನೂ ತನಿ ಆವರ್ತನವನ್ನೂ ಒಂದೇ ಎತ್ತರದಲ್ಲಿ ಕೇಳಿಸಿದರೆ ಹೇಗಿರುತ್ತದೆ? ಗಣೇಶನ ಪೆಂಡಾಲಿನ ಮೈಕಿನ ಹಾಗಿರುತ್ತದೆ. ಮ್ಯಾಂಚೆಸ್ಟರಿನ ಓಯಸಿಸ್‌ನ 1995ರ 'ಮಾರ್ನಿಂಗ್ ಗ್ಲೋರಿ' ಈ ಜೋರಿಗೆ ಹೆಸರಾದದ್ದು. 2008ರ ಮೆಟಾಲಿಕಾ ಆಲ್ಬಮ್ 'ಡೆತ್ ಮ್ಯಾಗ್ನೆಟಿಕ್' ಬಂದಾಗ, ಅದೇ ಹಾಡುಗಳು ಮಕ್ಕಳ ವಿಡಿಯೋ ಆಟವೊಂದರಲ್ಲಿ ಇದಕ್ಕಿಂತ ಸ್ವಚ್ಛವಾಗಿ ಕೇಳಿಸುತ್ತವೆಂದು ಅಭಿಮಾನಿಗಳೇ ಅರ್ಜಿ ಹಾಕಿದರು. ಆ ವರ್ಷಗಳಲ್ಲಿ ಬಂದ ಹಳೆಯ ಆಲ್ಬಮ್ಮುಗಳ ರಿಮಾಸ್ಟರುಗಳಲ್ಲಿ ಹಲವಕ್ಕೆ ಇದೇ ಜ್ವರ ಹಿಡಿದಿತ್ತು. ಅಂದರೆ ದುಡ್ಡು ಕೊಟ್ಟು, ಇದ್ದದ್ದಕ್ಕಿಂತ ಕೆಟ್ಟದ್ದನ್ನು ಮನೆಗೆ ತಂದದ್ದಾಯಿತು.

ನಮ್ಮ ಬಳಗದಲ್ಲಿ ಡಾಕ್ಟರುಗಳಿಗೇನು ಬರವಿಲ್ಲ. ಯಾವ ಔಷಧಿಯ ಮಾತೆತ್ತಿದರೂ 'ಟ್ರಯಲ್ ಆಗಿದೆಯಾ? ಬ್ಲೈಂಡ್ ಟ್ರಯಲ್ಲಾ?' ಎನ್ನುವವರು, ಸಿ.ಡಿ.ಯ ಮಾತಿಗೆ ಬಂದಾಗ ಮಾತ್ರ ಹೊದಿಕೆಯ ಮೇಲಿನ ಬಂಗಾರದ ಬಣ್ಣದ ಚೀಟಿಯನ್ನು ನಂಬಿಬಿಡುತ್ತಾರೆ! ಮನೆಯಲ್ಲೇ ಪರೀಕ್ಷೆ ಮಾಡಿ. ಹಳೆಯದು, ಹೊಸದು ಎರಡನ್ನೂ ಹಚ್ಚಿ. ಹೊಸದರ ವಾಲ್ಯೂಮ್ ಇಳಿಸಿ ಎರಡನ್ನೂ ಸಮ ಮಾಡಿ. ಆಮೇಲೆ ನೀವು ಗೋಡೆಯ ಕಡೆ ಮುಖ ಮಾಡಿ ಕೂತು, ಮನೆಯವರಿಗೆ ಬದಲಾಯಿಸುತ್ತಾ ಹೋಗಲು ಹೇಳಿ. ಹತ್ತರಲ್ಲಿ ಎಷ್ಟು ಸಲ ಸರಿಯಾಗಿ ಗುರುತಿಸುತ್ತೀರಿ ನೋಡಿ. ಅರವತ್ತು ದಾಟಿದ ಕಿವಿಗೆ ತಾರದ ತುದಿಯ ಸದ್ದುಗಳು ಮಂಕಾಗಿರುತ್ತವೆಂದು ನಮ್ಮ ಇ.ಎನ್.ಟಿ. ಮಿತ್ರರೇ ಹೇಳುತ್ತಾರೆ. 'ತಾಳದ ಸದ್ದು ಈಗ ಸ್ಫಟಿಕದ ಹಾಗಿದೆ' ಎನ್ನುವ ಮುಂಚೆ ಅವರನ್ನೊಮ್ಮೆ ಕಂಡು ಬರುವುದು ಕ್ಷೇಮ.

ತಜ್ಞರ ಕಿವಿಯೂ ಇದಕ್ಕೆ ಹೊರತಲ್ಲ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ ಹಳೆಯ ಆಲ್ಬಮ್ಮುಗಳ ದುಬಾರಿ ಎಲ್.ಪಿ.ಗಳಿಗೆ ಹೆಸರಾದದ್ದು. ಮೂಲ ಟೇಪಿನಿಂದ ನೇರವಾಗಿ ಕೊರೆದದ್ದು, ನಡುವೆ ಡಿಜಿಟಲ್ ಇಲ್ಲ ಎಂದು ಕೊಂಡವರೆಲ್ಲ ನಂಬಿದ್ದರು. ಡಿಜಿಟಲ್ ಬಂದರೆ ತಮ್ಮ ಕಿವಿಗೆ ತಕ್ಷಣ ತಿಳಿಯುತ್ತದೆ ಎಂದು ಆಣೆ ಹಾಕುತ್ತಿದ್ದರು. ವರ್ಷಗಳಿಂದ ನಡುವೆ ಡಿಜಿಟಲ್ ಹಂತ ಇತ್ತೆಂದು 2022ರಲ್ಲಿ ಹೊರಬಿತ್ತು. ಮೊಕದ್ದಮೆ ಆಗಿ ರಾಜಿಯಲ್ಲಿ ಮುಗಿಯಿತು. ಆಣೆ ಹಾಕಿದವರ ಕಿವಿಗೆ ಅಷ್ಟು ವರ್ಷ ಏನೂ ತಿಳಿದಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇಷ್ಟಾದರೂ ಈ ಪ್ರವಾಹ ಏಕೆ ನಿಲ್ಲುವುದಿಲ್ಲ? ಕಾನೂನನ್ನು ನೋಡಿ. ಈ ದೇಶದಲ್ಲಿ ಧ್ವನಿಮುದ್ರಣದ ಹಕ್ಕು 50 ವರ್ಷಕ್ಕೆ ಮುಗಿಯುತ್ತಿತ್ತು. 2013ರ ನವೆಂಬರ್ 1ರಿಂದ ಅದನ್ನು 70 ವರ್ಷಕ್ಕೆ ಏರಿಸಿದರು. 1963ರಿಂದ ಈಚೆಗೆ ಬಂದ ಆಲ್ಬಮ್ಮುಗಳೆಲ್ಲ ಕಂಪನಿಗಳಿಗೆ ಇನ್ನಿಪ್ಪತ್ತು ವರ್ಷ ಹಾಲು ಕರೆಯುವ ಹಸುಗಳಾದವು. ಹೊಸ ತಂಡವೊಂದನ್ನು ಬೆಳೆಸುವುದು ಕಷ್ಟ. ಹಳೆಯ ಟೇಪಿಗೆ ಹೊಸ ಹೊದಿಕೆ ಹಾಕುವುದು ಸುಲಭ. ಇದನ್ನು ಹಿಂದೆಯೇ ಗೇಲಿ ಮಾಡಿದವರು ಮ್ಯಾಂಚೆಸ್ಟರಿನ ಸ್ಮಿತ್ಸ್. 1987ರ ಅವರ ಕೊನೆಯ ಸ್ಟುಡಿಯೋ ಆಲ್ಬಮ್ಮಿನ 'ಪೇಂಟ್ ಎ ವಲ್ಗರ್ ಪಿಕ್ಚರ್' ಎಂಬ ಹಾಡು, ಗಾಯಕ ಸತ್ತ ಮೇಲೆ ಅವನ ಹಾಡುಗಳನ್ನೇ ಮತ್ತೆ ಮತ್ತೆ ಕಟ್ಟಿ ಮಾರುವ ಕಂಪನಿಯ ಕಥೆ. ಆಮೇಲೆ ಏನಾಯಿತು? ನಾಲ್ಕೇ ಸ್ಟುಡಿಯೋ ಆಲ್ಬಮ್ಮಿನ ಆ ತಂಡದ ಹಾಡುಗಳು 1992ರಲ್ಲಿ ಎರಡು ಸಂಕಲನ, 1995ರಲ್ಲಿ ಒಂದು, 2001ರಲ್ಲಿ ಒಂದು, 2008ರಲ್ಲಿ ಇನ್ನೊಂದು, 2011ರಲ್ಲಿ ಎಲ್ಲ ಸೇರಿ ಒಂದು ಪೆಟ್ಟಿಗೆ ಎಂದು ಬರುತ್ತಲೇ ಹೋದವು. ಗೇಲಿ ಮಾಡಿದ ಹಾಡೂ ಆ ಪೆಟ್ಟಿಗೆಯಲ್ಲಿಯೇ ಇದೆ.

ಬರ್ಮಿಂಗ್‌ಹ್ಯಾಮಿನವರು ನನ್ನ ಮೇಲೆ ಸಿಟ್ಟಾಗುತ್ತಾರೆಂದು ಬಲ್ಲೆ. ಆಸ್ಟನ್ ಹುಡುಗರು ಕಟ್ಟಿದ ಬ್ಲ್ಯಾಕ್ ಸಬ್ಬತ್ ನಮ್ಮ ಊರಿನ ಹೆಮ್ಮೆ, ಒಪ್ಪಿದೆ. 2025ರ ಜುಲೈ 5ರಂದು ವಿಲ್ಲಾ ಪಾರ್ಕಿನಲ್ಲಿ ಅವರ ಕೊನೆಯ ಕಛೇರಿ ಆಯಿತು. ಅದೇ ತಿಂಗಳ 22ರಂದು ಆಝಿ ಆಸ್ಬರ್ನ್ ತೀರಿಕೊಂಡರು. ಬ್ರಾಡ್ ಸ್ಟ್ರೀಟಿನ ಸೇತುವೆಯ ಬಳಿ ಹೂವಿನ ರಾಶಿ ನೋಡಿ ನಮ್ಮಲ್ಲೂ ಹಲವರ ಕಣ್ಣು ಒದ್ದೆಯಾಯಿತು. ಆದರೆ ಅವರ ಮೊದಲ ಆಲ್ಬಮ್ ಹೇಗಾದದ್ದೆಂದು ನೆನಪಿಸಿಕೊಳ್ಳಿ. 1970ರ ಫೆಬ್ರವರಿ 13ರ ಶುಕ್ರವಾರ ಬಿಡುಗಡೆಯಾದ ಅದನ್ನು ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುದ್ರಿಸಿದ್ದು. ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ ಟೋನಿ ಅಯೋಮಿ, ಬೆರಳಿಗೆ ತಾನೇ ಮಾಡಿಕೊಂಡ ಪ್ಲಾಸ್ಟಿಕ್ ಕುಲಾವಿ ತೊಡಿಸಿ ನುಡಿಸಿದ ಗಿಟಾರು ಅದರಲ್ಲಿದೆ. ಒರಟುತನವೇ ಅದರ ಜೀವ. ನಿಮ್ಮ ಹತ್ತಿರ ಒಳ್ಳೆಯ ಪ್ರತಿ ಒಂದಿದ್ದರೆ, ಸತ್ತವರ ಗೌರವಕ್ಕೆ ಅದನ್ನು ಕೂತು ಕೇಳಿ. ಐದನೆಯ ಪ್ರತಿ ಕೊಂಡು ಪ್ಲಾಸ್ಟಿಕ್ ಕೂಡ ಬಿಚ್ಚದೆ ಇಡುವುದು ಯಾವ ಗೌರವ?

'ಊರಿನ ಸಣ್ಣ ರೆಕಾರ್ಡ್ ಅಂಗಡಿಗಳು ಉಳಿಯಬೇಡವೆ?' ಎಂದು ಕೇಳುವವರಿದ್ದಾರೆ. ಉಳಿಯಬೇಕು. ಆ ಅಂಗಡಿಗೇ ಹೋಗಿ, ನಿಮ್ಮ ಮಗಳು ಹೇಳುವ ಹೊಸ ತಂಡದ ರೆಕಾರ್ಡು ಕೊಳ್ಳಿ. ಬದುಕಿ ದುಡಿಯುತ್ತಿರುವವರಿಗೆ ಕಾಸು ಹೋಗಲಿ. ಹಳೆಯದೇ ಬೇಕೆಂದರೆ ಬಳಸಿದ ರೆಕಾರ್ಡುಗಳ ಪೆಟ್ಟಿಗೆ ಕೆದಕಿ, ಚ್ಯಾರಿಟಿ ಅಂಗಡಿಗೆ ನುಗ್ಗಿ. ಜನ 'ರಿಮಾಸ್ಟರ್ ಬಂತು' ಎಂದು ಎಸೆದ ಎಂಬತ್ತರ ದಶಕದ ಸಿ.ಡಿ.ಗಳು ಅಲ್ಲಿ ಒಂದೆರಡು ಪೌಂಡಿಗೆ ಬಿದ್ದಿರುತ್ತವೆ. ಅವುಗಳಲ್ಲಿ ಕೆಲವು ಹೊಸವಕ್ಕಿಂತ ಸೊಗಸು. ನಿಮ್ಮ ಹಳೆಯ ಪ್ರತಿಯನ್ನಂತೂ ಕೊಟ್ಟುಬಿಡಬೇಡಿ. ಇಂಟರ್ನೆಟ್ಟಿನಲ್ಲಿ ಹಾಡು ಕೇಳಿಸುವ ಕಂಪನಿಗಳಲ್ಲಿ ಎಷ್ಟೋ ಆಲ್ಬಮ್ಮುಗಳ ರಿಮಾಸ್ಟರ್ ರೂಪ ಮಾತ್ರ ಸಿಗುತ್ತದೆ. 1973ರಲ್ಲೋ 1979ರಲ್ಲೋ ಜನ ಕೇಳಿದ ಸದ್ದು ನಿಮ್ಮ ಕಪಾಟಿನಲ್ಲಷ್ಟೇ ಉಳಿದಿರಬಹುದು.

ಇನ್ನು ನಮ್ಮ ಮನೆಯ ಮಾತು. ಈ ಕಲಾಯಿ ವಿದ್ಯೆ ನಮ್ಮ ನಾಡಿಗೂ ಬಂದಿದೆ. 1965ರ 'ಸತ್ಯ ಹರಿಶ್ಚಂದ್ರ' ಬಣ್ಣ ಹಚ್ಚಿಕೊಂಡು 2008ರಲ್ಲಿ ಬಂತು. 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಂತು. ಡಾ. ರಾಜ್ ಅವರನ್ನು ಬಣ್ಣದಲ್ಲಿ ನೋಡಿ ಸಂತೋಷಪಟ್ಟವರು ಪಡಲಿ. ಆದರೆ ಗಮನಿಸಿ: ಮಾರಾಟವಾಗುವುದಕ್ಕೆ ಮಾತ್ರ ಕಲಾಯಿ. ಹಾಡು ಯಾರದು ಎಂಬುದಕ್ಕಿಂತ ಕೊಳ್ಳುವವರು ಎಷ್ಟು ಮಂದಿ ಎಂಬುದೇ ಅಲ್ಲಿ ಮುಖ್ಯ. ನಿಮ್ಮ ಅಟ್ಟದ ಮೇಲೆ ಬೂಟಿನ ಡಬ್ಬಿಯಲ್ಲಿರುವ ಕ್ಯಾಸೆಟ್ಟುಗಳನ್ನು ಯಾವ ಕಂಪನಿಯೂ ರಿಮಾಸ್ಟರ್ ಮಾಡುವುದಿಲ್ಲ. ಅವಕ್ಕೆ ಕೊಳ್ಳುವವರು ನೀವೊಬ್ಬರೇ. ಮಾಸ್ಟರ್ ಟೇಪೂ ಅದೊಂದೇ.

ಫೋನು ನಿಮಿಷಕ್ಕಿಷ್ಟು ಎಂದು ದುಬಾರಿಯಾಗಿದ್ದ ಕಾಲದಲ್ಲಿ ಎಷ್ಟೋ ಮನೆಗಳವರು ಕಾಗದದ ಬದಲು ಕ್ಯಾಸೆಟ್ಟು ಕಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಅಂಥ ಹನ್ನೊಂದಿವೆ. ಒಂದರಲ್ಲಿ ನನ್ನ ತಾಯಿ ತಿಪಟೂರಿನ ಮನೆಯ ನಡುಮನೆಯಲ್ಲಿ ಕೂತು ಮಳೆ, ಕೊಬ್ಬರಿ ಧಾರಣೆ, ಯಾರ ಮನೆಯ ಮದುವೆ ಎಂದು ಅರ್ಧ ಗಂಟೆ ಹೇಳುತ್ತಾರೆ. ನಡುವೆ ಒಂದು ಸಂಪ್ರದಾಯದ ಹಾಡು. ಹಿಂದೆ ಕುಕ್ಕರ್ ಕೂಗುತ್ತದೆ, ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಾಳೆ, ತಾಯಿ ಮಾತು ನಿಲ್ಲಿಸಿ 'ತಾಳೇ, ಬಂದೆ' ಎನ್ನುತ್ತಾರೆ. ಅವರು ಹೋಗಿ ಹದಿನೆಂಟು ವರ್ಷವಾಯಿತು. ಆ ಹಾಡಿಗೆ ಬೇರೆ ಪ್ರತಿ ಈ ಭೂಮಿಯ ಮೇಲಿಲ್ಲ.

ಅಂಥ ಟೇಪುಗಳಿಗೆ ಈಗ ನಲವತ್ತು ವರ್ಷ ದಾಟಿದೆ. ಕ್ಯಾಸೆಟ್ಟಿನ ಟೇಪು ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಅಂಟಿನಲ್ಲಿ ಕೂತ ಕಾಂತದ ಪುಡಿಯೇ ನಿಮ್ಮ ತಾಯಿಯ ದನಿ. ತೇವಕ್ಕೆ ಅಂಟು ಸಡಿಲವಾಗುತ್ತದೆ, ಒತ್ತುಗದ್ದುಗೆಯ ಸ್ಪಂಜು ಉದುರುತ್ತದೆ, ತೊಂಬತ್ತು ನಿಮಿಷದ ತೆಳು ಟೇಪು ಸುಕ್ಕಾಗಿ ಸಿಕ್ಕಿಕೊಳ್ಳುತ್ತದೆ. ಈ ದೇಶದ ಅಟ್ಟಗಳ ಚಳಿಗಾಲದ ತೇವ ನಿಮಗೆ ಗೊತ್ತೇ ಇದೆ.

ಆದ್ದರಿಂದ ನನ್ನ ಮನವಿ ಇಷ್ಟು. ಈ ವರ್ಷ ಒಂದು ಪೆಟ್ಟಿಗೆ ಸೆಟ್ಟನ್ನು ಕೊಳ್ಳದೆ ಬಿಡಿ. ಆ ದುಡ್ಡಿನಲ್ಲಿ ಒಳ್ಳೆಯ ಸ್ಥಿತಿಯ ಹಳೆಯ ಕ್ಯಾಸೆಟ್ ಡೆಕ್ಕೊಂದನ್ನೂ ಕಂಪ್ಯೂಟರಿಗೆ ಜೋಡಿಸುವ ಸಣ್ಣ ಪೆಟ್ಟಿಗೆಯನ್ನೂ ತನ್ನಿ; ನಾಲ್ಕು ಮನೆ ಸೇರಿ ತಂದರೆ ಇನ್ನೂ ಹಗುರ. ಮೊದಲು ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಬೇಡದ ಕ್ಯಾಸೆಟ್ಟೊಂದನ್ನು ಹಾಕಿ ನೋಡಿ, ಆಮೇಲೆ ಮುಖ್ಯವಾದದ್ದನ್ನು ಹಚ್ಚಿ. ಒಂದು ಕಡೆ ಓಡಿಸಿದರೆ ಪೂರ್ತಿ ಇಳಿಸಿಕೊಳ್ಳಿ; ಇನ್ನೊಂದು ಸಲ ಓಡುತ್ತದೆಂಬ ಭರವಸೆಯಿಲ್ಲ. ಎಂ.ಪಿ.3 ಮಾಡಬೇಡಿ, ಕುಗ್ಗಿಸದ ವೇವ್ ಫೈಲಾಗಿ ಇಡಿ. ಎರಡು ಪ್ರತಿ ಮಾಡಿ, ಒಂದು ಬೇರೆ ಮನೆಯಲ್ಲಿರಲಿ. ಯಾರ ದನಿ, ಯಾವ ಊರು, ಯಾವ ವರ್ಷ ಎಂಬುದನ್ನು, ಹೇಳಬಲ್ಲವರು ಇರುವಾಗಲೇ ಬರೆದಿಡಿ. ಕಂಪ್ಯೂಟರಿನ 'ಗದ್ದಲ ತೆಗೆ' ಗುಂಡಿಯನ್ನು ಒತ್ತುವ ಮುಂಚೆ ಲೀಡ್ಸಿನ ಆ ಲೇಬಲ್ಲನ್ನು ನೆನೆಯಿರಿ: ಗದ್ದಲವೆಂದು ನೀವು ಅಳಿಸುವುದು ಸೊಪ್ಪಿನವಳ ಕೂಗಾಗಿರಬಹುದು.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟನ್ನು ಸ್ವಂತಕ್ಕೆ ಪ್ರತಿ ಮಾಡಿಕೊಳ್ಳಲು 2014ರಲ್ಲಿ ಈ ದೇಶದ ಕಾನೂನು ಅವಕಾಶ ಕೊಟ್ಟಿತ್ತು. ಮರುವರ್ಷವೇ ಹೈಕೋರ್ಟು ಅದನ್ನು ರದ್ದುಮಾಡಿತು. ಹಾಗಾಗಿ ನಾನು ಹೇಳುತ್ತಿರುವುದು ಮನೆಯಲ್ಲಿ ಮುದ್ರಿಸಿದ ಟೇಪುಗಳ ಮಾತು.

ಭಿನ್ನಾಭಿಪ್ರಾಯ ಇರುವವರು ಮುಂದಿನ ಸಂಚಿಕೆಗೆ ಧಾರಾಳವಾಗಿ ಬರೆಯಲಿ. ಬೈದರೂ ಬೇಸರವಿಲ್ಲ, ಕನ್ನಡದಲ್ಲಿ ಬೈಯಲಿ. ಆದರೆ ಬರೆಯಲು ಕೂರುವ ಮುಂಚೆ ಅಟ್ಟ ಹತ್ತಿ ಆ ಡಬ್ಬಿಯನ್ನು ಕೆಳಗಿಳಿಸಿರಲಿ. ರಾಕ್ ಆಲ್ಬಮ್ಮುಗಳನ್ನು ಕಾಯಲು ದೊಡ್ಡ ದೊಡ್ಡ ಕಂಪನಿಗಳಿವೆ. ಆ ಡಬ್ಬಿಯನ್ನು ಕಾಯಲು ನಾವೇ.